ಹೋಗ್ಬಿಟ್ರು, ಓವರ್

ತಿರುಮಲೇಶನ ಬಲಗೈ ಹೆಬ್ಬೆರಳಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ನೋಡಲು ನೆಟ್ಟಗೆ ಎಲ್ಲರ ಹೆಬ್ಬೆರಳಿನ ಹಾಗೇ ಇತ್ತು. ಆದರೆ ಮೈಕಿನ ಗುಂಡಿಯ ಮೇಲೆ ಅದು ನಿಲ್ಲುತ್ತಿರಲಿಲ್ಲ. ಹವ್ಯಾಸಕ್ಕೆಂದು ಮನೆಯಲ್ಲೇ ಇಟ್ಟುಕೊಳ್ಳುವ ಹ್ಯಾಮ್ ರೇಡಿಯೊದಲ್ಲಿ ಮಾತಾಡುವವರು ಮೈಕಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಬಿಟ್ಟರೆ ಮಾತು ಎದುರಿನ ಗೋಡೆಗೆ ಬಡಿದು ಅಲ್ಲೇ ಬೀಳುತ್ತದೆ, ಗಾಳಿಗೆ ಏರುವುದಿಲ್ಲ. ತಿರುಮಲೇಶನಿಗೆ ಖುಷಿಯಾದರೂ, ದುಃಖವಾದರೂ, ಸೀನು ಬಂದರೂ ಹೆಬ್ಬೆರಳು ಸಡಿಲವಾಗುತ್ತಿತ್ತು. ಹಾಗಾಗಿ ಅವನ ಮಾತಿನ ಮುಖ್ಯವಾದ ಭಾಗ ಯಾವಾಗಲೂ ಮನೆಯವರಿಗೆ ಮಾತ್ರ ಕೇಳಿಸುತ್ತಿತ್ತು. ಮನೆಯವರು ಅದಕ್ಕೆ ಕಿವಿಗೊಡುತ್ತಿರಲಿಲ್ಲ.

ಪಾಪ, ಮನೆಯವರನ್ನು ಅಂದು ಪ್ರಯೋಜನವಿಲ್ಲ. ತಿರುಮಲೇಶನ ಮಾತಿಗೆ ಕಿವಿಗೊಡುವ ಜನ ಚಿಕ್ಕಬಳ್ಳಾಪುರದಲ್ಲೇ ಇರಲಿಲ್ಲ. ಅವನು ಗುಮಾಸ್ತನಾಗಿದ್ದ ಖಾಸಗಿ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಅವನು ಬಾಯಿ ತೆರೆಯುವ ಮೊದಲೇ "ಆಮೇಲೆ" ಅನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ರಾಧಾಮಣಿ ಒಳ್ಳೆಯವಳೇ, ಆದರೆ ಅವನು ಒಂದು ಶುರು ಮಾಡಿದರೆ ಇನ್ನೊಂದನ್ನು ಮುಗಿಸುತ್ತಿದ್ದಳು. ಪಕ್ಕದ ಮನೆ ಕೊಂಡಮ್ಮ ಕಾಂಪೌಂಡಿನ ಆಚೆಯಿಂದಲೇ ಅವನ ಮನೆಯ ಎಲ್ಲ ತೀರ್ಮಾನಗಳನ್ನೂ ತೆಗೆದುಕೊಳ್ಳುತ್ತಿದ್ದಳು. ಹ್ಯಾಮ್ ರೇಡಿಯೊ ಒಂದರಲ್ಲಿ ಮಾತ್ರ, ಅವನು "ಓವರ್" ಅನ್ನುವವರೆಗೆ ಜಗತ್ತು ಬಾಯಿ ಮುಚ್ಚಿಕೊಂಡಿರಬೇಕು ಎಂಬ ನಿಯಮವಿತ್ತು. ಆ ನಿಯಮಕ್ಕೆ ಮನಸೋತು ಅವನು ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡ. ಸರ್ಕಾರ ಅವನಿಗೊಂದು ಕಾಲ್ ಸೈನ್, ಅಂದರೆ ಗಾಳಿಯಲ್ಲಿ ಗುರುತಿನ ಹೆಸರು, ಕೊಟ್ಟಿತು. ಅದರ ಕೊನೆಯ ಮೂರು ಅಕ್ಷರಗಳಾದ ಟಿ, ಎಂ, ಎಲ್ ಅನ್ನು ಗಾಳಿಯಲ್ಲಿ "ಟ್ಯಾಂಗೋ ಮೈಕ್ ಲೀಮಾ" ಎಂದು ಹೇಳಬೇಕು. ತಿರುಮಲೇಶ ಎಂಬ ಹೆಸರಿಗಿಂತ ಅವನಿಗೆ ಅದೇ ಇಷ್ಟ.

ಹ್ಯಾಮ್ ಆಗಲು ಅವನಿಗೆ ಕೈ ಹಿಡಿದು ಕಲಿಸಿದವರು ಗೌರಿಬಿದನೂರಿನ ಬಯ್ಯಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ತಮ್ಮ ಹಳೆಯ ಸೆಟ್ಟನ್ನೇ ಅವನಿಗೆ ಕೊಟ್ಟು, ತಾರಸಿಯ ಮೇಲೆ ಆಂಟೆನಾ ಕಟ್ಟಿಸಿ, "ಲೇ ತಿರುಮಲೇಶ, ಗುಂಡಿ ಬಿಡಬೇಡ ಕಣೋ. ಕರೆಂಟು ಹೋದ್ರೆ ಇರ್ಲಿ ಅಂತ ಒಂದು ಬ್ಯಾಟರಿ ಇಟ್ಕೊ" ಎಂದು ಹೋದಾಗಲೆಲ್ಲ ಹೇಳುತ್ತಿದ್ದರು. ಅವನು ಎರಡನ್ನೂ ಮಾಡಲಿಲ್ಲ. ಮೇಷ್ಟ್ರಿಗೆ ಎದೆಯ ತೊಂದರೆಯಿತ್ತು. ಜೇಬಿನಲ್ಲಿ ಯಾವಾಗಲೂ ಒಂದು ಪುಟ್ಟ ಮಾತ್ರೆ ಡಬ್ಬಿ, ಕೈಯಲ್ಲಿ ಯಾವಾಗಲೂ ಒಂದು ವಾಕಿಟಾಕಿ. ಮೊಬೈಲ್ ಫೋನನ್ನು ಅವರು ಮುಟ್ಟುತ್ತಿರಲಿಲ್ಲ. ದುಡ್ಡು ಕೊಟ್ಟು ಮಾತಾಡುವವನು ಮಾತುಗಾರನೇ ಅಲ್ಲ ಎಂಬುದು ಅವರ ವಾದ.

ಜಿಲ್ಲೆಯ ಹ್ಯಾಮ್‌ಗಳೆಲ್ಲ ದಿನಾ ಬೆಳಿಗ್ಗೆ ಒಂದೇ ತರಂಗದಲ್ಲಿ ಸೇರುತ್ತಿದ್ದರು. ಅದಕ್ಕೆ ನೆಟ್ ಎಂದು ಹೆಸರು. ನೆಟ್ಟಿನ ಕಂಟ್ರೋಲರ್ ಚಿಂತಾಮಣಿಯ ಚೆನ್ನರಾಯಪ್ಪ, ಟೊಮೆಟೊ ಮಂಡಿ ಇಟ್ಟುಕೊಂಡವರು. ಮಂಡಿಯಲ್ಲಿ ಇಡೀ ದಿನ ನೂರು ಜನ ಒಟ್ಟಿಗೆ ಕೂಗುವುದನ್ನು ಕೇಳಿ ಕೇಳಿ ಅವರಿಗೆ ಗಾಳಿಯಲ್ಲಾದರೂ ಶಿಸ್ತು ಬೇಕಾಗಿತ್ತು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ನೆಟ್ ನಡೆಯುವಾಗ ಎಲ್ಲರೂ ಮೊಬೈಲ್ ಆರಿಸಿಡಬೇಕು, ಅವರದನ್ನೂ ಸೇರಿಸಿ. ಮೊದಲು ಕಾಲ್ ಸೈನ್, ಆಮೇಲೆ ವಿಷಯ, ವಿಷಯ ಚುಟುಕಾಗಿರಬೇಕು.

ಈ ಚೆನ್ನರಾಯಪ್ಪನವರ ಕಣ್ಣಿಗೆ ತಿರುಮಲೇಶ ಬಿದ್ದದ್ದು ಎಂಬತ್ತೆಂಟರ ಪ್ರಕರಣದಲ್ಲಿ. ಹ್ಯಾಮ್‌ಗಳು ಮಾತು ಮುಗಿಸುವಾಗ "ಸೆವೆಂಟಿ ತ್ರೀ" ಅನ್ನುತ್ತಾರೆ, ಅಂದರೆ ಶುಭಾಶಯ. ಒಂದು ದಿನ ಶಿಡ್ಲಘಟ್ಟದ ಲೆಕ್ಚರರ್ ಸಂಘಮಿತ್ರ ಅವರ ಜೊತೆ ಮಾತಾಡಿದ ತಿರುಮಲೇಶ, ಇಷ್ಟು ಓದಿದವರಿಗೆ ಎಪ್ಪತ್ತಮೂರು ಕಮ್ಮಿಯಾಯಿತೇನೋ, ಸ್ವಲ್ಪ ಜಾಸ್ತಿಯೇ ಇರಲಿ ಎಂದು "ಮೇಡಮ್, ನಿಮಗೆ ಎಯ್ಟಿ ಎಯ್ಟ್" ಅಂದುಬಿಟ್ಟ. ಎಯ್ಟಿ ಎಯ್ಟ್ ಅಂದರೆ ಹ್ಯಾಮ್ ಭಾಷೆಯಲ್ಲಿ ಮುತ್ತು. ಇಡೀ ಜಿಲ್ಲೆ ಕೇಳಿಸಿಕೊಂಡಿತು. ದುರದೃಷ್ಟಕ್ಕೆ ಆವತ್ತು ಹೆಬ್ಬೆರಳು ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಚೆನ್ನರಾಯಪ್ಪ ಅವನನ್ನು ನೆಟ್ಟಿನಿಂದ ಕೆಲವು ಕಾಲ ಹೊರಗಿಟ್ಟರು. ಮತ್ತೆ ಸೇರಿಸಿಕೊಂಡಾಗ "ಏನಪ್ಪಾ, ಇನ್ನೊಂದು ತಪ್ಪು ಮಾಡಿದ್ರೆ ಪರ್ಮನೆಂಟಾಗಿ ಮೌನ" ಎಂದು ಹೇಳಿದ್ದರು. ಆಮೇಲೆ ಅವನು ತನ್ನ ಸರದಿ ಬಂದಾಗ ಕಾಲ್ ಸೈನ್ ಹೇಳಿ, "ವಿಶೇಷ ಏನಿಲ್ಲ, ಓವರ್" ಎಂದು ಮುಗಿಸುತ್ತಿದ್ದ. ವಿಶೇಷ ಇರುವ ಒಂದು ದಿನ ಬರಲಿ, ಎಲ್ಲರೂ ಉಸಿರು ಬಿಗಿಹಿಡಿದು ನನ್ನ ಮಾತು ಕೇಳಲಿ ಎಂದು ಅವನು ದಿನಾ ಬೇಡಿಕೊಳ್ಳುತ್ತಿದ್ದ. ಬೇಡಿಕೆಗಳನ್ನು ಕೇಳಿಸಿಕೊಳ್ಳುವ ದೇವರಿಗೂ ಒಂದು ಹೆಬ್ಬೆರಳಿರಬೇಕು.

ಆ ಭಾನುವಾರ ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮೇಷ್ಟ್ರ ಹೆಂಡತಿ ಮುನಿಶಾಮಮ್ಮ. ಅವರ ದನಿ ಅತ್ತೂ ಅತ್ತೂ ಕಟ್ಟಿಹೋಗಿತ್ತು.

"ತಿರುಮಲೇಶಪ್ಪಾ... ನಮ್ಮೋರು ಹೋಗ್ಬಿಟ್ರಪ್ಪಾ."

"ಏನಮ್ಮಾ? ಏನಂದ್ರಿ?"

"ಹೇಳ್ದೆ ಕೇಳ್ದೆ ಹೋಗ್ಬಿಟ್ರು. ಕಾಫಿ ಲೋಟ ಇಟ್ಟಿದ್ದು ಇಟ್ಟಂಗೇ ಐತೆ. ರಾತ್ರಿ ನಾನೊಂದು ಮಾತು ಅಂದಿದ್ದೇ ತಪ್ಪಾಗೋಯ್ತು ನೋಡು. ಅಷ್ಟಕ್ಕೇ ಹಿಂಗ್ ಮಾಡೋದಾ? ಮಾತ್ರೆ ಡಬ್ಬೀನೂ ಇಲ್ಲೇ ಬಿಟ್ಟು..."

ಅಲ್ಲಿಗೆ ಫೋನು ಸತ್ತುಹೋಯಿತು. ಇವನು ತಿರುಗಿ ಮಾಡಿದ. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದ. ಅದೇ.

ತಿರುಮಲೇಶ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹಾಗೇ ಕುಕ್ಕರಿಸಿದ. ಅವನಿಗೆ ನಿಜವಾಗಿಯೂ ಎದೆ ಒಡೆದುಹೋಯಿತು. ಜೀವಮಾನದಲ್ಲಿ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡ ಮನುಷ್ಯ ಅವರೊಬ್ಬರೇ. ಆದರೆ ಸುಳ್ಳು ಹೇಳಬಾರದು, ಆ ಒಡೆದ ಎದೆಯ ಒಂದು ಮೂಲೆಯಲ್ಲಿ ಸಣ್ಣದೊಂದು ಪುಳಕವೂ ಎದ್ದಿತು. ಇನ್ನು ಸ್ವಲ್ಪ ಹೊತ್ತಿಗೆ ನೆಟ್ ಶುರುವಾಗುತ್ತದೆ. ಸುದ್ದಿ ಇರುವುದು ತನ್ನೊಬ್ಬನ ಹತ್ತಿರ. ಇವತ್ತು ವಿಶೇಷ ಇದೆ. ಹೀಗೆ ಅನ್ನಿಸಿದ್ದಕ್ಕೆ ಅವನು ತನ್ನ ಕೆನ್ನೆಗೆ ತಾನೇ ಒಂದು ಹೊಡೆದುಕೊಂಡ. ಆದರೂ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡೇ ಸೆಟ್ಟಿನ ಮುಂದೆ ಕೂತ.

ಹ್ಯಾಮ್ ತೀರಿಕೊಂಡರೆ "ಸತ್ತರು" ಅನ್ನುವುದಿಲ್ಲ. "ಸೈಲೆಂಟ್ ಕೀ" ಅನ್ನುತ್ತಾರೆ. ಹಿಂದೆ ತಂತಿ ಯಂತ್ರದ ಕೀ ಒತ್ತಿ ಕಟಕಟ ಮಾಡುತ್ತಿದ್ದ ಕೈ ಸುಮ್ಮನಾಯಿತು ಎಂದು ಅರ್ಥ. ಆ ಮಾತನ್ನು ಗಾಳಿಯಲ್ಲಿ ಆಡುವುದೇ ಒಂದು ಗಂಭೀರ ವಿಧಿ. ತಿರುಮಲೇಶ ಮನಸ್ಸಿನಲ್ಲಿ ವಾಕ್ಯವನ್ನು ತೂಗಿ ಇಟ್ಟುಕೊಂಡ. ಮೊದಲು ಕಾಲ್ ಸೈನ್. ಆಮೇಲೆ ವಿಷಯ. ಚುಟುಕಾಗಿ.

"ಟ್ಯಾಂಗೋ ಮೈಕ್ ಲೀಮಾ" ಎಂದು ಚೆನ್ನರಾಯಪ್ಪ ಹಾಜರಿ ಕರೆದರು. "ಏನಾದ್ರೂ ವಿಶೇಷ?"

ತಿರುಮಲೇಶ ಗುಂಡಿ ಒತ್ತಿದ. "ಟ್ಯಾಂಗೋ ಮೈಕ್ ಲೀಮಾ..." ದನಿ ಬಿರಿಯಿತು. ಅದು ಅವನ ದನಿಯೇ ಅಲ್ಲ, ಯಾರೋ ಮುದುಕರ ದನಿಯ ಹಾಗಿತ್ತು. "ಸೈಲೆಂಟ್ ಕೀ..."

ಹಿಂದಿನಿಂದ ರಾಧಾಮಣಿ ಬಂದಳು. ಗಂಡ ಅಳುವುದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ. ಏನು, ಯಾರು ಎಂದು ಕೇಳುವ ಮೊದಲೇ "ಅಯ್ಯೋ ನನ್ನಪ್ಪಾ" ಎಂದು ಬಾಯಿ ಬಡಿದುಕೊಂಡಳು. ಆ ಕೂಗು ಗಾಳಿಗೆ ಏರಿತು. ತಿರುಮಲೇಶನ ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲು ಅವನು ಕೈ ಎತ್ತಿದ. ಮೈಕು ಹಿಡಿದಿದ್ದ ಕೈ ಅದು.

"...ನಮ್ಮ ಬಯ್ಯಪ್ಪ ಮೇಷ್ಟ್ರು ಇನ್ನಿಲ್ಲ, ಓವರ್" ಎಂದು ಅವನು ಎದುರಿನ ಗೋಡೆಗೆ ಹೇಳಿದ.

ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಸೆಟ್ಟಿನ ಕೆಂಪು ದೀಪ ಆರಿತು. ಕೊಳ್ಳದೇ ಇದ್ದ ಬ್ಯಾಟರಿ ಅವನಿಗೆ ನೆನಪಾಯಿತು. ಎಲ್ಲರೂ ಸ್ತಬ್ಧರಾಗಿರುತ್ತಾರೆ, ಪಾಪ, ಎಂದುಕೊಂಡ ತಿರುಮಲೇಶ. ಆ ಮಾತು ಅಷ್ಟರ ಮಟ್ಟಿಗೆ ನಿಜವೇ ಆಗಿತ್ತು.

ಅಷ್ಟರಲ್ಲಿ ಕೊಂಡಮ್ಮ ಕಾಂಪೌಂಡು ಹತ್ತಿದ್ದಳು. "ಅಯ್ಯೋ ದೇವುಡಾ! ರಾಧಾ, ಏಮಾಯ್ತೇ? ಯಾರು ಹೋದ್ರೇ?"

"ಗೌರಿಬಿದನೂರು ಮೇಷ್ಟ್ರಂತೆ ಅಕ್ಕಾ."

ಕೊಂಡಮ್ಮನ ಮುಖ ಸ್ವಲ್ಪ ಇಳಿಯಿತು. ಸಾವು ಅಷ್ಟು ದೂರದ್ದಾಗಿರಬಾರದಿತ್ತು. ಆದರೂ ಅವಳು ಕೈಗೆ ಬಂದದ್ದನ್ನು ಬಿಡುವ ಹೆಂಗಸಲ್ಲ. "ಗುರು ಅಂದ್ರೆ ತಂದೆ ಸಮಾನ ಕಣೇ. ಮನೆ ಮುಂದೆ ಬೆಂಕಿ ಹಾಕ್ಬೇಕು" ಎಂದು ತೆಂಗಿನ ಮಟ್ಟೆ, ಮುರಿದ ಸ್ಟೂಲು, ಹಳೇ ಚಾಪೆ ಎಲ್ಲ ತಂದು ಗೇಟಿನ ಹತ್ತಿರ ಹೊತ್ತಿಸಿದಳು. ಹಸಿ ಮಟ್ಟೆ. ಉರಿಗಿಂತ ಹೊಗೆಯೇ ಜಾಸ್ತಿ. ಹೊಗೆ ಕಂಡ ಬೀದಿಯವರು ಬಂದರು, ಬಂದವರಿಗೆ ಕೂರಲು ಪ್ಲಾಸ್ಟಿಕ್ ಕುರ್ಚಿಗಳು ಬಂದವು.

"ಅಕ್ಕಾ, ಸತ್ತಿರೋದು ಅಲ್ಲಿ. ಬೆಂಕಿ ಇಲ್ಯಾಕೆ?" ಎಂದು ತಿರುಮಲೇಶ ಕೇಳಿದ.

"ನೀನು ಸುಮ್ನಿರಪ್ಪ, ನಿಂಗೊತ್ತಾಗಲ್ಲ" ಎಂದಳು ಕೊಂಡಮ್ಮ. ಅವನು, ಮುನಿಶಾಮಮ್ಮ ಮತ್ತೆ ಮಾಡಿದರೆ ಇರಲಿ ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಮೇಷ್ಟ್ರಿಗೆ ಹಾರ ತರಲು ಸ್ಕೂಟರು ಹತ್ತಿದ.

ಹೂವಿನ ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಸೇವಂತಿಗೆ ಹಾರವನ್ನೇ ಆರಿಸಿದ. ಸ್ಕೂಟರಿನ ಕೊಕ್ಕೆಗೆ ನೇತು ಹಾಕಿದರೆ ನೆಲಕ್ಕೆ ಉಜ್ಜುತ್ತಿತ್ತು, ಸೀಟಿನ ಮೇಲಿಟ್ಟರೆ ಹಾರಿಹೋಗುತ್ತಿತ್ತು. "ಕೊರಳಿಗೆ ಹಾಕ್ಕಳಿ ಸಾರ್, ನಲುಗಲ್ಲ" ಎಂದ ಅಂಗಡಿಯವನು. ತಿರುಮಲೇಶ ಹಾರವನ್ನು ಕೊರಳಿಗೆ ಹಾಕಿಕೊಂಡು, ಅಳುತ್ತಾ, ಊರಿನ ನಡುವೆ ಸ್ಕೂಟರು ಓಡಿಸಿಕೊಂಡು ಬಂದ. ಯಾವುದೋ ಚುನಾವಣೆ ಗೆದ್ದವನೆಂದು ಒಂದಿಬ್ಬರು ಕೈಯೆತ್ತಿದರು.

ಮನೆಗೆ ಬಂದರೆ ಹೊಗೆ ಇನ್ನೂ ದಟ್ಟವಾಗಿತ್ತು. ರಾಧಾಮಣಿ ಸೀರೆ ಬದಲಾಯಿಸಿ ಗೌರಿಬಿದನೂರಿಗೆ ಹೊರಡಲು ಸಿದ್ಧಳಾಗಿದ್ದಳು.

"ಚಿಂತಾಮಣಿ ಚೆನ್ನರಾಯಪ್ಪಣ್ಣ ಫೋನ್ ಮಾಡಿದ್ರು ಕಣ್ರೀ. 'ರೇಡಿಯೋಲಿ ಕೇಳಿದ್ದು ನಿಜಾನೇನಮ್ಮಾ' ಅಂದ್ರು. 'ನಿಜ ಅಣ್ಣಾ, ಬೆಳಗ್ಗೆ ಹೋಗ್ಬಿಟ್ರು' ಅಂದೆ."

"ಸರಿಯಾಗೇ ಹೇಳಿದ್ದೀಯ. ಏನಂದ್ರು?"

"'ಹೆಂಗಾಯ್ತಮ್ಮಾ' ಅಂದ್ರು. 'ಗೊತ್ತಿಲ್ಲ ಅಣ್ಣಾ, ಕಾಫಿ ಲೋಟ ಇಟ್ಟಿದ್ದು ಇಟ್ಟಂಗೇ ಇತ್ತು' ಅಂದೆ. ಅತ್ತುಬಿಟ್ರು ಕಣ್ರೀ ಪಾಪ. 'ನೀನು ಧೈರ್ಯ ತಂದ್ಕೊ ತಾಯಿ, ನಿನ್ ಕೈ ಬಿಡಲ್ಲ ನಾವು' ಅಂದ್ರು. ನಂಗ್ಯಾಕೆ ಧೈರ್ಯ ಹೇಳಿದ್ರೋ. ಒಳ್ಳೆ ಮನಸ್ಸು."

ತಿರುಮಲೇಶನಿಗೆ ಸಮಾಧಾನವಾಯಿತು. ಸುದ್ದಿ ಮುಟ್ಟಿದೆ. ಚೆನ್ನರಾಯಪ್ಪನವರು ಅತ್ತರಂತೆ! ಅಷ್ಟರಲ್ಲಿ ಫ್ಯಾನು ತಿರುಗತೊಡಗಿತು. ಕರೆಂಟು ಬಂದಿತ್ತು, ಸೆಟ್ಟಿನ ಕೆಂಪು ದೀಪ ಹೊತ್ತಿತ್ತು. ಶ್ರದ್ಧಾಂಜಲಿಯ ನೆಟ್ ನಡೆಯುತ್ತಿರಬಹುದು, ಒಂದು ಗಳಿಗೆ ಕೇಳಿ ಹೊರಡೋಣ ಎಂದು ಅವನು ಹಾರ ತೆಗೆಯದೇ ಕೂತುಕೊಂಡ.

"...ಮಾತು ಕಮ್ಮಿ, ಶಿಸ್ತು ಜಾಸ್ತಿ" ಎಂದು ಚೆನ್ನರಾಯಪ್ಪ ಗದ್ಗದಿತರಾಗಿ ಹೇಳುತ್ತಿದ್ದರು. "ಒಂದು ದಿನಾನೂ ಇನ್ನೊಬ್ಬರ ಮಾತಿನ ಮಧ್ಯೆ ಬಾಯಿ ಹಾಕಿದವರಲ್ಲ. ವಿಷಯ ಇದ್ರೆ ವಿಷಯ, ಇಲ್ದಿದ್ರೆ ವಿಶೇಷ ಏನಿಲ್ಲ. ಅಂಥಾ ಹ್ಯಾಮ್ ಇನ್ನು ಸಿಗಲ್ಲ. ಓವರ್."

ತಿರುಮಲೇಶ ತಲೆಯಾಡಿಸಿದ. ಮೇಷ್ಟ್ರದು ಮಾತು ಕಮ್ಮಿ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ. ಸತ್ತ ಮೇಲೆ ಎಲ್ಲರಿಗೂ ಒಂದೊಂದು ಹೊಸ ಗುಣ ಬರುತ್ತದೆ, ಇರಲಿ ಬಿಡು ಎಂದುಕೊಂಡ.

ಆಮೇಲೆ ಸಂಘಮಿತ್ರ ಬಂದರು. "ಅವರು ಒಂದ್ಸಲ ನನಗೆ ಎಂಬತ್ತೆಂಟು ಹೇಳಿದ್ದಕ್ಕೆ ನಾವೆಲ್ಲ ಅವರನ್ನ ತುಂಬಾ ನೋಯಿಸಿದ್ವಿ. ಅವರಿಗೆ ಅರ್ಥ ಗೊತ್ತಿರ್ಲಿಲ್ಲ ಅಷ್ಟೇ. ತಿರುಮಲೇಶ್ ಅವರೇ, ನೀವು ಎಲ್ಲಿದ್ರೂ ಸರಿ, ಇವತ್ತೊಂದು ದಿನ ನಿಮಗೂ ಎಂಬತ್ತೆಂಟು. ಓವರ್."

ತಿರುಮಲೇಶ ಸೆಟ್ಟಿನ ದನಿ ಜಾಸ್ತಿ ಮಾಡಿದ. ಕೊರಳಿನ ಹಾರವನ್ನು ಮುಟ್ಟಿ ನೋಡಿಕೊಂಡ. ಬೆಳಗಿನ ವಾಕ್ಯ, ತನ್ನ ಹೆಬ್ಬೆರಳು, ರಾಧಾಮಣಿಯ ಕೂಗು ಒಂದೊಂದಾಗಿ ನೆನಪಾಗಿ ಎಲ್ಲವೂ ಅರ್ಥವಾಯಿತು. ಗಾಳಿಗೆ ಏರಿದ್ದು 'ಟ್ಯಾಂಗೋ ಮೈಕ್ ಲೀಮಾ, ಸೈಲೆಂಟ್ ಕೀ' ಎಂಬಷ್ಟೇ. ಮೈಕು ಎತ್ತಿಕೊಂಡ. ತಕ್ಷಣ ಹೇಳಬೇಕು, ನಾನು ಬದುಕಿದ್ದೇನೆ ಎಂದು.

ಅಷ್ಟರಲ್ಲಿ ಇನ್ನೊಬ್ಬರು ಶುರು ಮಾಡಿದರು. ತಿರುಮಲೇಶ್ ಅಂದ್ರೆ ನಗುಮುಖ ಅಂದರು. ಇವನು ಕಾದ, ಮಧ್ಯೆ ಬಾಯಿ ಹಾಕಬಾರದು. ಅವರದು ಮುಗಿಯಿತು. ಆದರೂ ಹೆಬ್ಬೆರಳು ಗುಂಡಿಯ ಮೇಲೆ ಹೋಗಲಿಲ್ಲ. ಇನ್ನೊಬ್ಬರದು ಕೇಳೋಣ ಅನ್ನಿಸಿತು. ಬದುಕಿರುವಾಗ ಯಾರು ಹೇಳಿದ್ದರು ಇದನ್ನೆಲ್ಲ? ಬದುಕಿದ್ದೇನೆ ಎಂದ ಕೂಡಲೇ ಇದೆಲ್ಲ ನಿಂತುಹೋಗುತ್ತದೆ, ನಾಳೆಯಿಂದ ಮತ್ತೆ ವಿಶೇಷ ಏನಿಲ್ಲ. ಹೀಗೆ ಇನ್ನೊಬ್ಬರು, ಮತ್ತೊಬ್ಬರು ಎಂದು ಅವನು ತನ್ನ ಸಾವನ್ನು ತುಪ್ಪದ ಅನ್ನದ ಹಾಗೆ ಸವಿಯುತ್ತಾ ಕೂತ. ಆ ಹೊತ್ತನ್ನು ಅವನು ಮುಂದೆ ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಕೊನೆಗೆ ಚೆನ್ನರಾಯಪ್ಪ "ಈಗ ಮೌನ ಆಚರಿಸೋಣ. ಯಾರೂ ಗುಂಡಿ ಒತ್ತಬಾರದು" ಎಂದರು. ಇನ್ನು ಹೊಗಳಿಕೆ ಬಾಕಿ ಇಲ್ಲವೆಂದು ಖಾತ್ರಿಯಾದ ಮೇಲೆ ತಿರುಮಲೇಶ ಗುಂಡಿ ಒತ್ತಿದ.

"ಟ್ಯಾಂಗೋ ಮೈಕ್ ಲೀಮಾ. ಅಣ್ಣಾ, ನಾನು ಬದುಕಿದ್ದೀನಿ. ಓವರ್."

ಬೆಳಗಿನಿಂದ ಅತ್ತು ಅವನ ದನಿ ಹರಿದ ತಮಟೆಯ ಹಾಗಾಗಿತ್ತು.

"ಯಾವನ್ಲೇ ಅವ್ನು?" ಚೆನ್ನರಾಯಪ್ಪನವರ ಮಂಡಿಯ ದನಿ ಹೊರಬಿತ್ತು. "ಮೌನದಲ್ಲಿ ಮಾತಾಡ್ತಿರೋನು ಯಾವನು?"

"ನಾನೇ ಅಣ್ಣಾ, ತಿರುಮಲೇಶ. ತೀರ್ಕೊಂಡಿರೋದು ನಾನಲ್ಲ, ಬಯ್ಯಪ್ಪ ಮೇಷ್ಟ್ರು. ಗುಂಡಿ ಬಿಟ್ಟೋಗಿತ್ತು. ಓವರ್."

"ಥೂ ನಿನ್ನ! ಸತ್ತೋರ ಕಾಲ್ ಸೈನ್ ಹೇಳ್ಕೊಂಡು ಆಟ ಆಡ್ತೀಯಾ? ಮನೇಲಿ ಅಮ್ಮ ತಂಗಿ ಇಲ್ವಾ ನಿಂಗೆ? ಅವನ ಹೆಂಡ್ತಿ ಜತೆ ನಾನೇ ಮಾತಾಡಿದ್ದೀನಿ ಕಣೋ. ಸಾಲ್ದು ಅಂತ ಮೇಷ್ಟ್ರನ್ನೂ ಸಾಯಿಸ್ತೀಯಾ? ಮೇಷ್ಟ್ರು ಈಗ ತಾನೇ ಬಸ್ಸಲ್ಲಿ ಕೂತು ವಾಕಿಟಾಕೀಲಿ ನಮ್ ಜತೆ ಮಾತಾಡವ್ರೆ! ಹೆಂಡ್ತಿ ಮೇಲೆ ಮುನಿಸ್ಕೊಂಡು ನಮ್ಮನೆಗೆ ಹೊರಟಿದ್ದೋರು, ತಿರುಮಲೇಶನ ಸುದ್ದಿ ಕೇಳಿ ಚಿಕ್ಕಬಳ್ಳಾಪುರದಲ್ಲೇ ಇಳ್ಕೊಂಡವ್ರೆ, ಅವನ ಮುಖ ನೋಡೋಕೆ. ಎಲ್ಲರೂ ಕೇಳಿ, ಇವನು ಯಾವನೋ ಕಳ್ಳ. ಇನ್ಮೇಲೆ ಇವನು ಏನು ಹೇಳಿದ್ರೂ ಯಾರೂ ಉತ್ತರ ಕೊಡಬಾರದು. ಓವರ್."

ಬೈಗುಳ ಯಾವುದೂ ತಿರುಮಲೇಶನ ಕಿವಿಗೆ ಬೀಳಲಿಲ್ಲ. ಮೇಷ್ಟ್ರು ಬದುಕಿದ್ದಾರೆ! ಹೋಗ್ಬಿಟ್ರು ಅಂದರೆ ಹೋಗಿಬಿಟ್ಟರು ಅಷ್ಟೇ, ಬಸ್ಸು ಹತ್ತಿಕೊಂಡು! ಅವನಿಗೆ ನಗು ಬಂತು, ಅಳು ಬಂತು. ಮೈಕನ್ನು ಎಸೆದು "ರಾಧಾ, ಮೇಷ್ಟ್ರು ಬದುಕವ್ರೆ ಕಣೇ!" ಎಂದು ಕಿರುಚುತ್ತಾ ಹೊರಗೆ ಓಡಿದ.

ಗೇಟಿನ ಆಚೆ ಒಂದು ಆಟೊ ಆಗಷ್ಟೇ ನಿಂತಿತ್ತು. ಬಯ್ಯಪ್ಪ ಮೇಷ್ಟ್ರು ಇಳಿದು, ಉರಿಯುತ್ತಿದ್ದ ಬೆಂಕಿಯನ್ನೂ ಸಾಲು ಕುರ್ಚಿಗಳನ್ನೂ ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನೊಂದು ಕೈಯಲ್ಲಿ ಒಂದು ಸಣ್ಣ ಹಾರವಿತ್ತು; ಮೌನಾಚರಣೆಗೆಂದು ಆರಿಸಿದ್ದ ವಾಕಿಟಾಕಿ ಸೊಂಟದಲ್ಲಿತ್ತು. ಕೊಂಡಮ್ಮ "ಬನ್ನಿ, ಒಳಗೆ ಬನ್ನಿ, ಏನ್ ಮಾಡೋದು, ಬ್ರಹ್ಮ ಬರ್ದಿದ್ದು" ಎಂದು ಯಾರು ಏನೆಂದು ಕೇಳದೇ ಬಂದವರಿಗೆಲ್ಲ ಹೇಳುತ್ತಿದ್ದ ಮಾತನ್ನೇ ಅವರಿಗೂ ಹೇಳಿದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ತಲೆ ಎತ್ತಿದರು.

ದಟ್ಟ ಹೊಗೆಯ ಒಳಗಿನಿಂದ, ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡು, ಎರಡೂ ಕೈ ಚಾಚಿಕೊಂಡು ತಿರುಮಲೇಶ ತಮ್ಮ ಮೇಲೇ ಬರುತ್ತಿರುವುದನ್ನು ಅವರು ನೋಡಿದರು. "ಮೇಷ್ಟ್ರೇ, ಬನ್ನಿ ಮೇಷ್ಟ್ರೇ!" ಎಂದು ಅದು ಹರಿದ ದನಿಯಲ್ಲಿ ಕರೆಯುತ್ತಿತ್ತು.

ಮೇಷ್ಟ್ರ ಕೈ ಎದೆಯ ಮೇಲೆ ಹೋಯಿತು. ಆಮೇಲೆ ಜೇಬಿಗೆ ಹೋಯಿತು. ಜೇಬಿನಲ್ಲಿ ಬಸ್ ಟಿಕೆಟ್ಟಿತ್ತು, ಮಾತ್ರೆ ಡಬ್ಬಿ ಇರಲಿಲ್ಲ. ಅವರು ಆಟೊವನ್ನು ಹಿಡಿದುಕೊಂಡು ನಿಧಾನವಾಗಿ ಕೂತುಬಿಟ್ಟರು.

ಅದೇ ಆಟೊದಲ್ಲಿ ಅವರನ್ನು ಆಸ್ಪತ್ರೆಗೆ ಹೊರಡಿಸಿದರು. ತಿರುಮಲೇಶ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ನಾನು ಸತ್ತಿಲ್ಲ ಮೇಷ್ಟ್ರೇ, ಬದುಕಿದ್ದೀನಿ, ಮುಟ್ಟಿ ನೋಡಿ" ಎಂದು ಒಂದೇ ಸಮನೆ ಹೇಳುತ್ತಿದ್ದ. ಮೇಷ್ಟ್ರು ಕಣ್ಣು ತೆರೆದು ಅವನನ್ನೇ ನೋಡಿದರು. ತಮ್ಮ ಶಿಷ್ಯನನ್ನು ಅವರಷ್ಟು ಬಲ್ಲವರು ಯಾರೂ ಇರಲಿಲ್ಲ.

"ಲೇ... ಗುಂಡಿ ಬಿಟ್ಟುಬಿಟ್ಯೇನೋ?" ಎಂದರು.

ಅವನು ಹೂಂ ಎಂದ. ಅವನ ಅಂಗೈಯಲ್ಲಿದ್ದ ಅವರ ಕೈ, ಆಟೊ ಆಸ್ಪತ್ರೆಯ ಗೇಟು ದಾಟುವ ಮೊದಲೇ ಸಡಿಲವಾಯಿತು.

ಡಾಕ್ಟರು ನೋಡಿ ತಲೆಯಾಡಿಸಿದ ಮೇಲೆ ತಿರುಮಲೇಶ ಮನೆಗೆ ಬಂದ. ಬೀದಿಯವರು ಯಾರೂ ಎದ್ದುಹೋಗಿರಲಿಲ್ಲ. ಸುದ್ದಿ ಕೇಳಿ ಕೊಂಡಮ್ಮ ಬೆಂಕಿಗೆ ಇನ್ನೊಂದು ಮಟ್ಟೆ ಹಾಕಿದಳು. "ಬೆಳಗ್ಗೆ ಬೆಂಕಿ ಇಲ್ಯಾಕೆ ಅಂತ ಕೇಳ್ದೆ ನೋಡು ನೀನು" ಎಂದಳು, ಮೆತ್ತಗೆ.

ಅವನು ಸೆಟ್ಟಿನ ಮುಂದೆ ಕೂತ. ಅವನ ಮೇಲೆ ಒಂದು ಕರ್ತವ್ಯ ಉಳಿದಿತ್ತು, ಗುರುವಿಗೆ ಅಷ್ಟನ್ನಾದರೂ ಮಾಡಬೇಕಿತ್ತು. ಗಾಳಿಯಲ್ಲಿ ಇನ್ನೂ ಜನರಿದ್ದರು, ಚಿಕ್ಕಬಳ್ಳಾಪುರಕ್ಕೆ ಯಾರ ಕಾರಿನಲ್ಲಿ ಯಾರು ಹೊರಡಬೇಕೆಂದು ಮಾತಾಡಿಕೊಳ್ಳುತ್ತಿದ್ದರು. ಅವನು ಅವರ ಮಾತು ಮುಗಿಯುವವರೆಗೆ ಕಾದ. ಬಿಡುವು ಸಿಕ್ಕಾಗ ಗುಂಡಿ ಒತ್ತಿದ. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಹೆಬ್ಬೆರಳು ಬಂಡೆಯ ಹಾಗೆ ಕೂತಿತ್ತು.

"ಟ್ಯಾಂಗೋ ಮೈಕ್ ಲೀಮಾ. ಗೌರಿಬಿದನೂರಿನ ಬಯ್ಯಪ್ಪ ಮೇಷ್ಟ್ರು ಈಗ ಸೈಲೆಂಟ್ ಕೀ. ಓವರ್."

ಮೊದಲು ಕಾಲ್ ಸೈನ್, ಆಮೇಲೆ ವಿಷಯ, ಚುಟುಕಾಗಿ. ಒಂದಕ್ಷರವೂ ಗೋಡೆಗೆ ಬೀಳಲಿಲ್ಲ. ಅವನ ಜೀವಮಾನದಲ್ಲೇ ಅಷ್ಟು ಚೊಕ್ಕವಾಗಿ ಅವನು ಮಾತಾಡಿರಲಿಲ್ಲ. ಇಡೀ ಜಿಲ್ಲೆ ಉಸಿರು ಬಿಗಿಹಿಡಿದು ಕೇಳಿಸಿಕೊಂಡಿತು.

ಯಾರೂ ಉತ್ತರ ಕೊಡಲಿಲ್ಲ. ಕಂಟ್ರೋಲರ್ ಅಪ್ಪಣೆಯಾಗಿತ್ತು. ಚೆನ್ನರಾಯಪ್ಪ ತಣ್ಣಗೆ "ಎಲ್ಲಿಗೆ ನಿಲ್ಲಿಸಿದ್ವಿ? ಹಾಂ, ಕಾರು" ಎಂದು ಮುಂದುವರಿಸಿದರು.

ಅವನು ಮೈಕು ಕೆಳಗಿಟ್ಟ. ಆಗ ರಾಧಾಮಣಿ ಬಂದು ಫೋನನ್ನು ಅವನ ಕೈಗೆ ಕೊಟ್ಟಳು. ಅವಳಿಗೆ ಮಾತಾಡುವ ಧೈರ್ಯವಿರಲಿಲ್ಲ. ಮುನಿಶಾಮಮ್ಮ.

"ತಿರುಮಲೇಶಪ್ಪಾ, ಬೆಳಗ್ಗೆ ಮಾತಾಡ್ತಾ ಮಾತಾಡ್ತಾ ಚಾರ್ಜು ಹೋಯ್ತಪ್ಪಾ, ಕರೆಂಟೂ ಇರ್ಲಿಲ್ಲ. ನಮ್ಮೋರು ನಿಮ್ಮನೆ ಕಡೆ ಬಂದ್ರಾ? ರಾತ್ರಿ ಆ ರೇಡಿಯೋ ಆರ್ಸಿ ಮಲಕ್ಕಳಿ ಅಂದೆ, ಅಷ್ಟಕ್ಕೇ ಕೋಪ ಮುದುಕಂಗೆ. ಬಂದಿದ್ರೆ ಒಂದು ಮಾತ್ರೆ ತೆಗ್ಸಿಕೊಡಪ್ಪ, ಡಬ್ಬಿ ಇಲ್ಲೇ ಬಿಟ್ಟವ್ರೆ."

ತಿರುಮಲೇಶ ಬಾಯಿ ತೆರೆದ. ಹೇಳಬೇಕಾದ ಪದ ಯಾವುದೆಂದು ಹುಡುಕಿದ. ಸತ್ತರು ಎನ್ನಲು ನಾಲಿಗೆ ಬರಲಿಲ್ಲ. ಸೈಲೆಂಟ್ ಕೀ ಅಂದರೆ ಆ ತಾಯಿಗೆ ತಿಳಿಯುವುದಿಲ್ಲ. ಉಳಿದದ್ದು ಒಂದೇ ಮಾತು.

"ಅಮ್ಮಾ... ಮೇಷ್ಟ್ರು ಹೋಗ್ಬಿಟ್ರಮ್ಮಾ."

"ಹೌದಾ? ಹೊರಟೇಬಿಟ್ರಾ?" ಮುನಿಶಾಮಮ್ಮನ ದನಿ ಬೆಳಗಿನಿಂದ ಮೊದಲ ಸಲ ಹಗುರವಾಯಿತು. "ಕೋಪ ಇಳ್ದಂಗಾಯ್ತು ಬಿಡು. ಹಂಗಾರೆ ಊಟದ ಹೊತ್ತಿಗೆ ಬತ್ತಾರೆ. ಇರಪ್ಪಾ, ಒಲೆ ಮೇಲೆ ಅನ್ನಕ್ಕೆ ಇಡ್ತೀನಿ."

ಅವರು ಫೋನು ಇಡದೆಯೇ ಅಡುಗೆಮನೆಗೆ ಹೋದರು. ಅಕ್ಕಿ ತೊಳೆಯುವ ಸದ್ದು ಕೇಳಿಸುತ್ತಿತ್ತು. ತಿರುಮಲೇಶ ಫೋನನ್ನು ಕಿವಿಗೆ ಒತ್ತಿಕೊಂಡು, ತನ್ನ ಸರದಿಗೆ ಕಾಯುತ್ತಾ ಕೂತ.